ನೀರುನಾಯಿಗಳ ಮುಂದೆ ಪಿಸುಮಾತಿನ ಜಗಳ

ಬೆಳಗಿನ ರಾಫ್ಟ್ ಹತ್ತಲು ಬಂದವರಲ್ಲಿ ಫ್ಲೋರಿಸ್‌ನನ್ನು ಕಂಡ ಕೂಡಲೇ ಸನ್ನಾಳ ಎದೆ ಧಸಕ್ಕೆಂದಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

ಚಳಿಗಾಲವಿಡೀ ಮುಖ ತೋರಿಸದವನು ಈಗ ಟಿಕೆಟ್ ಕೊಂಡು ಪ್ರವಾಸಿಗನ ಹಾಗೆ ಬಂದಿದ್ದಾನೆ... ನಾಚಿಕೆಯಾದರೂ ಬೇಡವೇ!

ದಕ್ಷಿಣ ಆಫ್ರಿಕಾದ ಗರೀಪ್ ನದಿಯ ಈ ಭಾಗದಲ್ಲಿ ರಾಫ್ಟ್ ನಡೆಸುವ ನಾಮಾ ಬುಡಕಟ್ಟಿನ ಹುಡುಗಿ ಅವಳೊಬ್ಬಳೇ. ಆ ಕೆಲಸವನ್ನೂ ಊರಿನವರ ಜೊತೆ ಜಗಳವಾಡಿಯೇ ಗಿಟ್ಟಿಸಿಕೊಂಡಿದ್ದಳು. "ಲೈಫ್ ಜಾಕೆಟ್ ಹಾಕ್ಕೋ," ಎಂದಷ್ಟೇ ಫ್ಲೋರಿಸ್‌ಗೆ ಹೇಳಿ ಹುಟ್ಟು ಹಿಡಿದಳು. ಮುಂದೆ ಜರ್ಮನಿಯ ದಂಪತಿ ಕೂತರು. ಹಿಂದೆ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಅವನು ಕೂತ.

ತಿರುವಿನಾಚೆ, ಜೊಂಡಿನ ಪಕ್ಕ ನೀರುನಾಯಿಗಳು ಆಡುತ್ತಿದ್ದವು. ದಂಪತಿ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ಇಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ ಎಂಬುದು ಸನ್ನಾಳದೇ ಕಟ್ಟಪ್ಪಣೆ. ಹಾಗಾಗಿ ಜಗಳವೂ ಪಿಸುಮಾತಿನಲ್ಲೇ ಶುರುವಾಯಿತು.

"ಯಾಕೆ ಬಂದೆ?"

"ನಿನ್ನ ಬಾಯಿಂದಲೇ ಕೇಳಿಸ್ಕೊಂಡು ಹೋಗೋಣ ಅಂತ."

"ಏನನ್ನ?"

"ನಾನು ಬೇಡ ಅನ್ನೋದನ್ನ."

ಅವಳ ಕೈಯಲ್ಲಿದ್ದ ಹುಟ್ಟು ನಿಂತುಹೋಯಿತು.

ಹೆಣ್ಣು ಕೇಳಲು ಬಂದವರನ್ನು ಮೊದಲ ಸಲ ಬೈದು ಕಳಿಸುವುದು ನಾಮಾ ಮನೆಗಳ ರೂಢಿ. ಅದು ಬರೀ ಆಟ. ಬಂದವರು ಮತ್ತೆ ಬರಬೇಕು, ಮತ್ತೆ ಕೇಳಬೇಕು. ಹಿರಿಯರು ಬೈಯುವಾಗ ಹುಡುಗಿ ಮಾತ್ರ ಒಳಗೆ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಸನ್ನಾ ಬಾಯಿ ಮುಚ್ಚಿಕೊಂಡಿರುವವಳೇ? ಚಳಿಗಾಲಕ್ಕೆ ಮುಂಚೆ ಫ್ಲೋರಿಸ್‌ನ ದೊಡ್ಡಪ್ಪ ಅವಳನ್ನು ಕೇಳಲು ಬಂದಾಗ ತಾನೂ ಹೊಸ್ತಿಲಿಗೆ ಬಂದು, ಆ ಕುಳ್ಳನನ್ನು ಯಾರು ಕಟ್ಟಿಕೊಳ್ಳುತ್ತಾರೆ, ನಡೀರಿ ಎಂದು ನಗು ತಡೆದುಕೊಂಡು ಗದರಿದ್ದಳು. ಅವರು ಟೋಪಿ ಹಾಕಿಕೊಂಡು ಹೊರಟೇಹೋದರು. ಹಿರಿಯರು ಬೇಡ ಎಂದರೆ ಆಟ. ಹುಡುಗಿಯೇ ಬೇಡ ಎಂದರೆ ಮುಗಿಯಿತು, ಅದೇ ತೀರ್ಮಾನ.

"ತಮಾಷೆ ಮಾಡಿದ್ದು ಕಣೋ..." ಅವಳ ಕಣ್ಣು ತುಂಬಿತು. "ನೀನಾದ್ರೂ ಬಂದು ಕೇಳಬಾರದಿತ್ತಾ?"

"ಯಾವ ಮುಖ ಇಟ್ಕೊಂಡು ಬರಲಿ? ದೊಡ್ಡಪ್ಪ ಇನ್ನು ನಿಮ್ಮ ಬಾಗಿಲು ತುಳಿಯಲ್ಲ. ಭಾನುವಾರ ಬೇರೆ ಕಡೆ ಹೆಣ್ಣು ಕೇಳೋಕೆ ಹೊರಟಿದ್ದಾರೆ."

ಭಾನುವಾರ... ಅಯ್ಯೋ, ನನ್ನ ಬಾಯಿಯೇ ನನಗೆ ಶತ್ರುವಾಯಿತಲ್ಲ!

ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಬೇಡ ಎಂದ ಬಾಯಿಗೆ ಅಷ್ಟು ಬೆಲೆ ಇದ್ದರೆ, ಬೇಕು ಎಂದಾಗಲೂ ಅಷ್ಟೇ ಬೆಲೆ ಇರಬೇಕು. ಇಲ್ಲವೆನ್ನಲು ಯಾರಿಗೆ ಧೈರ್ಯವಿದೆ, ನೋಡಿಯೇ ಬಿಡೋಣ.

"ಬೇಕು! ನಂಗೆ ನೀನೇ ಬೇಕು!"

ನದಿಯೇ ಬೆಚ್ಚುವಂಥ ದನಿ. ನೀರುನಾಯಿಗಳು ಬುಳಕ್ಕನೆ ಮುಳುಗಿದವು, ಜೊಂಡಿನಿಂದ ಬಕಗಳೆಲ್ಲ ಎದ್ದು ಹಾರಿದವು. ಜರ್ಮನ್ ಹೆಂಗಸು ತಿರುಗಿ ದುರುಗುಟ್ಟಿದಳು. ಸನ್ನಾ ಕ್ಷಮೆ ಕೇಳಲಿಲ್ಲ.

"ಇವತ್ತೇ ನಿಮ್ಮ ದೊಡ್ಡಪ್ಪನ ಮನೆಗೆ ಬರ್ತೀನಿ. ಗಂಡು ಕೇಳೋಕೆ."

ಫ್ಲೋರಿಸ್ ತಬ್ಬಿಬ್ಬಾದ. "ಹುಡುಗಿ ಬಂದು ಗಂಡು ಕೇಳೋದಾ? ಊರೇ ನಗುತ್ತೆ ಸನ್ನಾ."

"ನಗಲಿ."

"ಬೈದು ಕಳಿಸ್ತಾರೆ."

"ಮತ್ತೆ ಬರ್ತೀನಿ. ನೀನು ಮಾತ್ರ ಹೊರಗೆ ಬಂದು ಬಾಯಿ ಬಿಡಬೇಡ."

ಅವನಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಹುಟ್ಟು ಹಿಡಿದಿದ್ದ ಅವಳ ಕೈಮೇಲೆ ತನ್ನ ಕೈ ಇಟ್ಟ.

"ಒಳಗೇ ಕೂತಿರ್ತೀನಿ," ಎಂದ. "ಬೇಗ ಬಾ."