ತೋಳಿನ ಮೇಲೆ ಬರೆದ ನಂಬರ್

"ಈ ಪಟ್ಟಿ ಯಾರಿಗೆ ಕೊಡ್ಲಿಕ್ಕೆ?"

ಪ್ರಸಾದನ ನೋಟ್‌ಬುಕ್ಕನ್ನು ಯಶ್ಮಿತಾ ಗಟ್ಟಿಯಾಗಿ ಹಿಡಿದಿದ್ದಳು. ಅವನೂ ಬಿಡಲಿಲ್ಲ. ದುಬೈನ ಅಲ್ ಕುಸೈಸ್ ಬಳಿಯ ಲೇಬರ್ ಕ್ಯಾಂಪಿನ ಪುಟ್ಟ ಕ್ಲಿನಿಕ್ಕಿನಲ್ಲಿ, ಉಡುಪಿಯ ನರ್ಸೂ ಹಾಜರಿ ಬರೆಯುವ ಬಾಗಲಕೋಟೆಯ ಟೈಮ್‌ಕೀಪರೂ ಮೊದಲ ಸಲ ಮಾತಾಡಿದ್ದು ಹೀಗೆ!

ಅವನು ಮ್ಯಾನೇಜರನ ಚಾಡಿಕೋರನೆಂಬ ಅವಳ ಅನುಮಾನಕ್ಕೆ ಕಾರಣವಿತ್ತು. ಕ್ಯಾಂಪಿನವರು ದುಡಿಯುವ ಕಟ್ಟಡದ ಸೈಟಿನಲ್ಲಿ ತಣ್ಣೀರಿನ ಕೋಣೆಗೆ ಬಿಳಿ ತೊಗಲಿನವರಿಗೆ ಮಾತ್ರ ಪ್ರವೇಶ. ಕಳೆದ ವಾರ ಕಂಬಿ ಕಟ್ಟುವ ಚನಿಯ ಬಿಸಿಲಿಗೆ ಕುಸಿದಾಗಲೂ ಆ ಬಾಗಿಲು ತೆರೆಯಲಿಲ್ಲ. ಅದನ್ನು ವಿರೋಧಿಸಿ ಶನಿವಾರ ಬೆಳಿಗ್ಗೆ ಸೈಟಿನ ಬಸ್ಸು ಹತ್ತದೆ ಕ್ಯಾಂಪಿನ ಗೇಟಿನ ಮುಂದೆ ಕೂರುವುದೆಂದು ಇನ್ನೂರು ಜನ ನಿರ್ಧರಿಸಿದ್ದರು.

ಹೆಸರು ಮ್ಯಾನೇಜರನ ಕಿವಿಗೆ ಬಿದ್ದರೆ ವೀಸಾ ಕ್ಯಾನ್ಸಲ್, ಖಲಾಸ್! ಅಂಥದ್ದರಲ್ಲಿ ದಿನವೂ ಮ್ಯಾನೇಜರನ ಕ್ಯಾಬಿನ್ನಿಗೆ ಹೋಗಿಬರುವ ಈ ಮನುಷ್ಯ, ಕೋಣೆ ಕೋಣೆ ತಿರುಗಿ ಹೆಸರು, ಊರಿನ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದ.

"ಪೊಲೀಸ್ರು ಯಾರನ್ನರ ಹಿಡ್ಕೊಂಡ ಹೋದ್ರ ಮನ್ಯಾವ್ರಿಗೆ ತಿಳಸಾಕ ಬೇಕಲ್ರಿ," ಎಂದ. ಜೊತೆಗೆ ನಲವತ್ತು ಪೊಟ್ಟಣ ಓಆರ್‌ಎಸ್ ಕೇಳಿದ.

ಪೊಟ್ಟಣ ಕೊಟ್ಟಳು, ಆದರೆ ಅವನ ಮಾತು ನಂಬಲಿಲ್ಲ. 'ಎಷ್ಟು ಸಾಧು ಕಣ್ಣು... ಇಂಥವರೇ ಕತ್ತು ಕೊಯ್ಯುವುದು,' ಅಂದುಕೊಂಡಳು. ಆ ಕಣ್ಣುಗಳು ಮತ್ತೆ ಮತ್ತೆ ಯಾಕೆ ನೆನಪಾಗುತ್ತಿವೆ ಎಂದು ಮಾತ್ರ ತನ್ನನ್ನೇ ಕೇಳಿಕೊಳ್ಳಲಿಲ್ಲ.

ಪ್ರಸಾದನಿಗೆ ಹೆಸರು ಕೊಡಬೇಡಿ ಎಂದು ಕ್ಲಿನಿಕ್ಕಿಗೆ ಬಂದವರನ್ನೆಲ್ಲ ಎಚ್ಚರಿಸಿದಳು. ಗುರುವಾರದ ಹೊತ್ತಿಗೆ ಯಾರೂ ಅವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲು ಕೊಟ್ಟವರೂ ತಮ್ಮ ಹೆಸರಿದ್ದ ಹಾಳೆಯನ್ನು ಹರಿದು ಹಾಕಿಸಿದರು. ಕ್ಲಿನಿಕ್ಕಿನ ಮುಂದೆ ಹೋಗುವಾಗ ಅವನು ಒಮ್ಮೆ ಅವಳ ಕಡೆ ನೋಡಿ ನಡೆದುಬಿಟ್ಟ.

ಆ ನೋಟ ಚುಚ್ಚಿತು. ತಪ್ಪಾಯಿತೇ? ಇಲ್ಲ... ಚಾಡಿಕೋರನಿಗೆ ಹೀಗೇ ಆಗಬೇಕು!

ಶನಿವಾರ ಆರು ಗಂಟೆಗೆ ಅವಳು ಗೇಟಿಗೆ ಬಂದದ್ದೂ ಅವನ ಮೇಲೆ ಕಣ್ಣಿಡಲು. ಜನ ಸಾಲಾಗಿ ಕೂತಿದ್ದರು. ಪ್ರತಿಯೊಬ್ಬನ ಬಳಿ ನೀರಿನ ಬಾಟಲಿ, ಒದ್ದೆ ಟವೆಲ್, ಒಳಜೇಬಿನಲ್ಲಿ ಲೇಬರ್ ಕಾರ್ಡಿನ ಜೆರಾಕ್ಸ್. ಕಲ್ಲು ಮುಟ್ಟಬೇಡಿ, ಪೊಲೀಸರು ಬಂದರೆ ಓಡಬೇಡಿ, ಪಕ್ಕದವನನ್ನು ಬಿಟ್ಟು ಏಳಬೇಡಿ ಎಂದು ಹೇಳುತ್ತಾ ಪ್ರಸಾದ ಒಬ್ಬೊಬ್ಬರ ತೋಳಿನ ಮೇಲೂ ಬಾಲ್‌ಪೆನ್ನಿನಲ್ಲಿ ಏನೋ ಬರೆಯುತ್ತಿದ್ದ.

ಅವಳು ಚನಿಯನ ತೋಳು ಹಿಡಿದು ನೋಡಿದಳು. ಒಂದು ಮೊಬೈಲ್ ನಂಬರ್. ಪಕ್ಕದವನ ತೋಳಿನಲ್ಲೂ ಅದೇ. ಅದರಾಚೆಯವನಲ್ಲೂ...

"ಇದು ಯಾರದ್ದು?"

"ಪ್ರಸಾದಣ್ಣಂದು. ಹಿಡಿದ್ರೆ ಇದಕ್ಕೆ ಫೋನ್ ಮಾಡ್ಲಿಕ್ಕೆ ಹೇಳಿದ್ದಾರೆ," ಎಂದ ಚನಿಯ. "ಹೆಸರು ಕೊಡುವುದು ಬೇಡ ಅಂತ ನೀವೇ ಹೇಳಿದ್ದಲ್ವಾ ಸಿಸ್ಟರ್?"

ಪೊಲೀಸರು ಯಾರ ತೋಳು ಹಿಡಿದೆಳೆದರೂ ಸಿಗುವುದು ಈಗ ಪ್ರಸಾದ ಒಬ್ಬನೇ. ಅವನನ್ನು ಅಲ್ಲಿಗೆ ತಳ್ಳಿದ್ದು ಅವಳದೇ ಅನುಮಾನ!

ಅವನ ಹತ್ತಿರ ಹೋಗಿ, ತನ್ನಿಂದ ದೊಡ್ಡ ತಪ್ಪಾಯಿತೆಂದಳು.

"ತಪ್ಪಲ್ರಿ. ಇನ್ನೂರು ಮಂದಿ ಹೆಸರು ಒಂದ ಪುಸ್ತಕದಾಗ ಇರಬಾರ್ದಿತ್ತು. ಅದು ಯಾರ ಕೈಗೆ ಸಿಗ್ತಿತ್ತೋ ಏನೋ."

"ನಿಮ್ಮನ್ನೇ ಹಿಡಿದ್ರೆ?"

ಅವನು ನಕ್ಕ. ಮಡಚಿದ ಅಂಗಿತೋಳಿನ ಕೆಳಗೆ ಅವನ ಕೈ ಮೇಲೆ ಮಾತ್ರ ಯಾರ ನಂಬರೂ ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಪೊಲೀಸ್ ಜೀಪು ಕಾಣಿಸಿತು.

ಇವನನ್ನು ಕಳೆದುಕೊಳ್ಳಲು ನನ್ನಿಂದಾಗದು... ಅವಳಿಗೆ ಆ ಕ್ಷಣ ಸ್ಪಷ್ಟವಾಗಿ ಗೊತ್ತಾಯಿತು. ಅವನ ಕೈಯಿಂದ ಪೆನ್ನು ಕಸಿದುಕೊಂಡು, ಮಣಿಕಟ್ಟು ಹಿಡಿದು, ತನ್ನ ನಂಬರನ್ನು ಒತ್ತಿ ಒತ್ತಿ ಬರೆದಳು.

"ಹಿಡಿದ್ರೂ ಬಿಟ್ರೂ ಸಂಜೆ ಇದಕ್ಕೆ ಫೋನ್ ಮಾಡ್ಬೇಕು ಮಾರಾಯ್ರೆ. ನಾನು ಕಾಯ್ತೇನೆ."

"ಇವತ್ತ ಒಂದ ದಿನ ಏನ್ರಿ?"

ಅವಳು ಹಿಡಿದ ಕೈ ಬಿಡಲಿಲ್ಲ.

"ದಿನಾ."