ಬಳ್ಳಿಯ ಬುಡಕ್ಕೆ ಹಾಸಿದ ಹುಲ್ಲು

"ಇದೇನು ವೈನಾ? ಹುರಿದ ಕುರಿಮಾಂಸದ ಮೇಲೆ ಸುರಿಯೋ ಪುದೀನ ಸಾಸ್ ಇದ್ದ ಹಾಗಿದೆಯಲ್ರೀ!"

ಐಲ್ಸಾಳ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. ದಕ್ಷಿಣದ ತಂಪು ದ್ರಾಕ್ಷಿಸೀಮೆ ಕೂನವಾರಾದ ಕೆಂಪು ಮಣ್ಣಿನಲ್ಲೇ ಆಡಿ ಬೆಳೆದವಳು ಅವಳು. ಅಪ್ಪ ಮಾಡಿದ ವೈನನ್ನು ಅವಳ ಕೌಂಟರಿನ ಮುಂದೆಯೇ ನಿಂತು ಹೀಗೆ ಆಡಿಕೊಂಡವರು ಇದುವರೆಗೆ ಯಾರೂ ಇರಲಿಲ್ಲ.

"ಯಾವೂರಾಯ್ತು ತಮ್ಮದು?"

"ಬರೋಸಾ."

"ಅದಕ್ಕೇ! ನಿಮ್ಮೂರಿನ ವೈನ್ ಕುಡಿಯೋಕಾಗಲ್ಲ, ಬ್ರೆಡ್ಡಿಗೆ ಹಚ್ಕೊಂಡು ತಿನ್ನಬೇಕು. ಬಿಸಿಲಲ್ಲಿ ಬೆಂದ ಜಾಮ್!"

ಅವನು ಸಿಟ್ಟಾಗಲಿಲ್ಲ. ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಇಲ್ಲ... ಎರಡನೇ ಗುಟುಕಿಗೆ ಬಿಡೋಕೆ ಮನಸ್ಸು ಬರ್ತಿಲ್ಲ" ಎಂದ. ಕಣ್ಣು ಬಿಟ್ಟಾಗ ನೋಡಿದ್ದು ಮಾತ್ರ ಗ್ಲಾಸನ್ನಲ್ಲ, ಅವಳನ್ನು!

'ಇವನ ಧಿಮಾಕು ನೋಡು!' ಎಂದುಕೊಂಡಳು ಐಲ್ಸಾ. ಆದರೆ ಕೆನ್ನೆ ಬಿಸಿಯಾಗಿತ್ತು.

ಅಷ್ಟರಲ್ಲಿ ಅವಳ ಅಪ್ಪ ಡಂಕನ್ ಕುಂಟುತ್ತಾ ಒಳಗೆ ಬಂದರು. "ಓ, ಆಗಲೇ ಪರಿಚಯ ಆಯ್ತಾ? ಇವನೇ ಕ್ಲೆಮ್ ನೋಸ್ಕೆ. ನಾಳೆಯಿಂದ ನಮ್ಮ ತೋಟದಲ್ಲಿ ಕೆಲಸಕ್ಕಿರ್ತಾನೆ."

ಹೋಗಿ ಹೋಗಿ ಇವನೇ ಗಂಟುಬೀಳಬೇಕೆ!

ಬಾಯಿ ಹೇಗೇ ಇರಲಿ, ಕ್ಲೆಮ್ ಮೈಗಳ್ಳನಲ್ಲ. ಚಳಿಗಾಲವೆಲ್ಲ ಅವಳ ಜೊತೆ ಬಳ್ಳಿಗಳ ಕಡ್ಡಿ ಸವರಿದ. ಒಂದು ಮೊಳ ಅಗೆಯುವುದರೊಳಗೆ ಕೆಂಪು ಮಣ್ಣು ಮುಗಿದು ಬಿಳಿ ಸುಣ್ಣಕಲ್ಲು ಸಿಕ್ಕಿದ್ದಕ್ಕೆ ಬೆರಗಾದ. ದಕ್ಷಿಣದ ಸಮುದ್ರದಿಂದ ಬೀಸುವ ಗಾಳಿಗೆ ಅವನ ಹಲ್ಲು ಕಟಕಟ ಎನ್ನುವಾಗ ಅವಳು ನಕ್ಕು ನಕ್ಕು ಸುಸ್ತಾಗುತ್ತಿದ್ದಳು. 'ನೀವು' ಹೋಗಿ 'ನೀನು' ಆಗಿದ್ದು ಯಾವಾಗ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

"ನಮ್ಮಲ್ಲಿ ಬಿಸಿಲೇ ಗದರಿಸಿ ಹಣ್ಣು ಮಾಡಿಬಿಡುತ್ತೆ. ಇಲ್ಲಿ ದ್ರಾಕ್ಷಿನ ಮುದ್ದು ಮಾಡಿ ಒಪ್ಪಿಸಬೇಕು!" ಎಂದ ಒಂದು ದಿನ.

"ಅವಸರ ಮಾಡಿದ್ರೆ ಇಲ್ಲಿ ಏನೂ ಆಗಲ್ಲ ಕಣೋ. ಕಾಯಬೇಕು."

"ನಾನು ಕಾಯ್ತಿಲ್ವಾ, ಐಲ್ಸಾ?"

'ಹೇಳಿಬಿಡಲಾ...?' ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ವಸಂತ ಬಂತು. ಬಳ್ಳಿಗಳಲ್ಲಿ ಚಿಗುರು ಒಡೆದ ಹೊತ್ತಿಗೆ ಡಂಕನ್ ಅವರ ಸೊಂಟದ ಆಪರೇಷನ್‌ಗೆ ಅಪ್ಪ ಮಗಳು ಅಡಿಲೇಡ್‌ಗೆ ಹೋದರು. ತೋಟ ಕ್ಲೆಮ್‌ನ ಪಾಲಿಗೆ ಬಿತ್ತು.

ಅವರು ಮರಳಿದ್ದು ಒಂದು ಸಂಜೆ. ಕ್ಲೆಮ್ ಚಿಕ್ಕ ಹುಡುಗನಂತೆ ಓಡಿ ಬಂದು ಐಲ್ಸಾಳನ್ನು ತಗ್ಗಿನ ತೋಟಕ್ಕೆ ಕರೆದೊಯ್ದ. ಅಜ್ಜನ ಕಾಲದ ಬಳ್ಳಿಗಳಿದ್ದ ಜಾಗ ಅದು. ಮನೆಯ ಒಳ್ಳೆಯ ವೈನೆಲ್ಲ ಅಲ್ಲಿಂದಲೇ ಬರುತ್ತಿತ್ತು.

ಪ್ರತಿ ಬಳ್ಳಿಯ ಬುಡದಲ್ಲೂ ದಪ್ಪಗೆ ಗೋಧಿ ಹುಲ್ಲು!

"ಈ ಸಲ ಮಳೆ ಕಮ್ಮಿ ಅಲ್ವಾ, ಬೇಸಿಗೇಲಿ ಬೇರು ತಂಪಾಗಿರ್ಲಿ ಅಂತ. ನಮ್ಮೂರಲ್ಲಿ ಹೀಗೇ ಮಾಡೋದು. ಹೇಗಿದೆ?"

ಐಲ್ಸಾ ತಲೆಯೆತ್ತಿ ನೋಡಿದಳು. ಒಂದು ಮೋಡವಿಲ್ಲ. ಒಂದು ಎಲೆ ಅಲುಗುತ್ತಿಲ್ಲ.

"ಕ್ಲೆಮ್... ಇಲ್ಲಿ ಹಗಲು ಕಾದ ಮಣ್ಣಿನ ಬಿಸೀನೇ ರಾತ್ರಿ ಚಿಗುರನ್ನ ಕಾಪಾಡೋದು! ಅದು ಮೇಲೆ ಬರದ ಹಾಗೆ ಮುಚ್ಚಿಬಿಟ್ಟಿದ್ದೀಯಲ್ಲೋ! ಮೋಡ ಇಲ್ಲ, ಗಾಳಿ ಇಲ್ಲ, ಇವತ್ತು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಹಿಮ ಆಗುತ್ತೆ!"

ಇಬ್ಬರೂ ಕವೆಗೋಲು ಹಿಡಿದು ಹುಲ್ಲು ಎಳೆಯತೊಡಗಿದರು. ಬೊಬ್ಬೆ ಎದ್ದ ಕೈಗೆ ಬಟ್ಟೆ ಸುತ್ತಿಕೊಂಡು ಎಳೆದರು. ಹಿಮ ಕೂರದಂತೆ ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಕ್ಕೆ ತಳ್ಳಲು ದಿಣ್ಣೆಯ ಮೇಲಿಟ್ಟಿದ್ದ ದೊಡ್ಡ ಫ್ಯಾನಿನ ಗಾಳಿ ಈ ತಗ್ಗಿಗೆ ತಲುಪುತ್ತಿರಲಿಲ್ಲ. ಕತ್ತಲಾದರೂ ಕಾಲುಭಾಗ ಮುಗಿದಿರಲಿಲ್ಲ. ಚಳಿ ಮಾತ್ರ ಯಾರ ಮುಲಾಜೂ ಇಲ್ಲದೆ ಏರುತ್ತಲೇ ಇತ್ತು.

ಬೆಳಗ್ಗೆ ತೋಟವೆಲ್ಲ ಬೆಳ್ಳಗಿತ್ತು. ಬಿಸಿಲೇರಿದಾಗ ಚಿಗುರುಗಳು ಕುದಿನೀರು ಸುರಿದಂತೆ ಕಪ್ಪಾಗಿ ಜೋತುಬಿದ್ದವು. ಐಲ್ಸಾ ಒಂದೊಂದನ್ನೇ ಮುಟ್ಟಿ ನೋಡುತ್ತಾ ಹೋದಳು. ಮುಟ್ಟಿ ಏನು ಮಾಡುವುದು? ಅಳಬಹುದು, ಅಷ್ಟೇ.

"ಯಾರನ್ನ ಕೇಳಿ ಹಾಕಿದೆ?" ಕಿರುಚಿದಳು.

ಕ್ಲೆಮ್ ಒಮ್ಮೆ ಮನೆಯ ಕಿಟಕಿಯತ್ತ ನೋಡಿದ. ಅಲ್ಲಿ ಡಂಕನ್ ಊರುಗೋಲು ಹಿಡಿದು ನಿಂತಿದ್ದರು.

"ಯಾರನ್ನೂ ಕೇಳಲಿಲ್ಲ."

"ಹೋಗು! ನಿನ್ನ ಬಿಸಿಲಿನ ಊರಿಗೇ ಹೋಗು! ಇನ್ನು ನಿನ್ನ ಮುಖ ತೋರಿಸ್ಬೇಡ!"

ಅವನು ಹೋಗಿಬಿಟ್ಟ...

ನೆರೆಯವರು ಬಂದು ಬೇಲಿಗೆ ಒರಗಿ, "ಏನು ಮಾಡೋಕಾಗುತ್ತೆ ಹೇಳು" ಎಂದು ಹೊರಟುಹೋದರು. ಐಲ್ಸಾ ಕೌಂಟರಿನಲ್ಲಿ ನಿಂತು ಬಂದವರಿಗೆಲ್ಲ ವೈನ್ ಸುರಿದಳು, ನಕ್ಕಳು. ಬಾಗಿಲು ಸದ್ದಾದಾಗಲೆಲ್ಲ ಹಾಳು ಮನಸ್ಸು ಅವನೇ ಇರಬಹುದೆಂದು ತಿರುಗುತ್ತಿತ್ತು.

ಒಂದು ಮಧ್ಯಾಹ್ನ ಡಂಕನ್ ಊಟದ ತಟ್ಟೆ ಪಕ್ಕಕ್ಕೆ ತಳ್ಳಿದರು.

"ಅವನು ಸುಳ್ಳು ಹೇಳಿದ, ಮಗಳೇ. ಆಸ್ಪತ್ರೆಗೆ ಫೋನ್ ಮಾಡಿ ನನ್ನನ್ನ ಕೇಳಿದ್ದ. ಮಾತ್ರೆ ಮಂಪರಲ್ಲಿ ನಾನೇ 'ಹಾಕಪ್ಪಾ' ಅಂದುಬಿಟ್ಟೆ. ನೀನು ಬೈಯೋವಾಗ ನಿಜ ಹೇಳೋಕೆ ನನಗೆ ಧೈರ್ಯ ಬರಲಿಲ್ಲ..."

ಐಲ್ಸಾ ಕಾರಿನ ಕೀ ಎತ್ತಿಕೊಂಡಳು.

ಅವಳು ಬರೋಸಾದಲ್ಲಿ ಕ್ಲೆಮ್‌ನ ಮನೆಯ ತೋಟ ಮುಟ್ಟುವ ಹೊತ್ತಿಗೆ ಇಳಿಬಿಸಿಲು. ಅಲ್ಲಿಯ ಬಳ್ಳಿಗಳು ಎದೆಯೆತ್ತರ ಹಸಿರಾಗಿ ನಿಂತಿದ್ದವು. ನೋಡಿ ಹೊಟ್ಟೆ ಉರಿಯಿತು. ಸಾಲಿನ ಕೊನೆಯಲ್ಲಿ ತಂತಿ ಬಿಗಿಯುತ್ತಿದ್ದ ಕ್ಲೆಮ್ ಅವಳನ್ನು ಕಂಡು ಕಲ್ಲಾದ.

"ಅಪ್ಪ ಎಲ್ಲಾ ಹೇಳಿದ್ರು. ನೀನ್ಯಾಕೆ ಹೇಳಲಿಲ್ಲ?"

"ಆಸ್ಪತ್ರೆಯಿಂದ ಬಂದ ಮನುಷ್ಯನ ಮೇಲೆ ನೀನು ಹಾರಾಡೋದನ್ನ ಹೇಗೆ ನೋಡ್ಲಿ? ನನಗಾದ್ರೆ ನಿನ್ನ ಕೈಲಿ ಬೈಸ್ಕೊಂಡು ಅಭ್ಯಾಸ ಇದೆ." ನಗಲು ನೋಡಿದ, ಆಗಲಿಲ್ಲ. "ಹುಲ್ಲು ಹಾಕಿದ ಕೈ ನಂದೇ ತಾನೆ, ಐಲ್ಸಾ? ಆ ಬಳ್ಳಿಗಳನ್ನ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ."

"ಈ ವರ್ಷ ಅಲ್ಲಿ ಹಣ್ಣಿಲ್ಲ. ಯಾರು ಏನು ಮಾಡಿದ್ರೂ ಇಲ್ಲ." ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ನಾನೇನು ಮಾಡ್ಲಿ ಕ್ಲೆಮ್? ಹಿಮಾನ ತಡೆಯೋಕೂ ನನ್ನ ಕೈಲಾಗಲಿಲ್ಲ... ನಿನ್ನ ಬಿಟ್ಟಿರೋಕೂ ಆಗ್ತಿಲ್ಲ!"

ಕ್ಲೆಮ್ ಕೈಯಲ್ಲಿದ್ದ ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟ.

"ಅಲ್ಲಿ ಇನ್ನೂ ಚಳಿ ಇದೆಯಾ?"

"ತುಂಬಾ..."

"ಹಾಗಾದ್ರೆ ಸ್ವೆಟರ್ ತಗೊಂಡು ಬರ್ತೀನಿ. ಇಲ್ಲೇ ಇರು. ಹೋಗಿಬಿಡ್ಬೇಡ."

"ನಾನೆಲ್ಲಿಗೆ ಹೋಗ್ಲೋ?" ಎಂದವಳು ಅವನ ಬೆವರಿದ ಅಂಗಿಯನ್ನು ಹಿಡಿದುಕೊಂಡಳು, ಸ್ವೆಟರ್ ತರಲೂ ಬಿಡಲಿಲ್ಲ.