ಯಾವ ಫೋಟೋದಲ್ಲೂ ಇಲ್ಲದ ಕೊಕ್ಕೆ

"ಇದೇ ಕೊನೇದು. ಇನ್ನು ನಿಮಗೆ ತೊಂದರೆ ಕೊಡಲ್ಲ" ಎಂದು ಟೀಚರ್ ಹೋದ ಶನಿವಾರ ಹೇಳಿದಾಗಲೇ ಕನ್ನಡಕ ರಿಪೇರಿಯವನ ಎದೆ ಧಸಕ್ಕೆಂದಿತ್ತು.

ಆರು ತಿಂಗಳ ಹಿಂದೆ ಈ ಗಣಿತದ ಟೀಚರ್ ಅಂಗಡಿಗೆ ಬಂದು, ಕನ್ನಡಕದ ಸ್ಕ್ರೂಗಿಂತ ಚಿಕ್ಕ ಸ್ಕ್ರೂ ಉಂಟೇ ಎಂದು ಕೇಳಿದ್ದಳು. ಅದು ಬೇಕಿದ್ದದ್ದು ಯುದ್ಧದ ಟ್ಯಾಂಕಿಗೆ. ಅಸಲಿಯ ಮೂವತ್ತೈದರಲ್ಲಿ ಒಂದು ಪಾಲಿನ, ಎರಡು ಅಂಗೈ ಮೇಲೆ ಕೂರುವ, ಅವಳೇ ಜೋಡಿಸುತ್ತಿದ್ದ ಮಾದರಿ ಟ್ಯಾಂಕು. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಹಿಡಿಕೆ, ಕೀಲುಗಳೆಲ್ಲ ಅವಳ ಕಣ್ಣಿಗೆ ಒರಟು. ತಾಮ್ರದ ತಂತಿ, ತಗಡಿನಲ್ಲಿ ಹೊಸದಾಗಿಯೇ ಆಗಬೇಕು. ಅಂದಿನಿಂದ ಪ್ರತಿ ಶನಿವಾರ ಅವಳು ಹಳೇ ಫೋಟೋ ಹರಡಿಕೊಂಡು ಬೋಲ್ಟ್ ಎಣಿಸುವಳು. ಇವನು ಭೂತಗನ್ನಡಿಯ ಅಂಚಿನಿಂದ ಅವಳ ರೆಪ್ಪೆ ಎಣಿಸುವನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಿಲ್ಲವೆಂದೇ ಅವನ ನಂಬಿಕೆ.

ಕೆಲಸ ಮುಗಿದರೆ ಅವಳು ಬರುವುದೂ ಮುಗಿಯಿತು. ಅದಕ್ಕೇ ಅವನಿಗೆ ಕೆಟ್ಟ ಬುದ್ಧಿ ಬಂತು. ಈ ಶನಿವಾರ ಕೊನೆಯ ಕೆಲಸ ಮುಗಿದು ಅವಳು ಫೋಟೋ ಮಡಚಲು ತಿರುಗಿದಾಗ, ಹಿಂದಿನ ದಿನವೇ ಮಾಡಿಟ್ಟಿದ್ದ ಎಳ್ಳಿನಷ್ಟು ಕೊಕ್ಕೆಯೊಂದನ್ನು ಟ್ಯಾಂಕಿನ ಎಡಗಡೆ ಅಂಟಿಸಿಬಿಟ್ಟ. ಅಸಲಿ ಟ್ಯಾಂಕಿಗೆ ಅಲ್ಲಿ ಕೊಕ್ಕೆಯೇ ಇಲ್ಲ.

ಅವಳು ಹೋದ ಮೇಲೆ ಶುರುವಾಯಿತು ಸಂಕಟ. ಇನ್ನು ಎಂಟು ದಿನಕ್ಕೆ, ಭಾನುವಾರ, ಇಂಥ ಮಾದರಿಗಳ ಸ್ಪರ್ಧೆ. ಅಲ್ಲಿ ಒಂದು ಬೋಲ್ಟ್ ಹೆಚ್ಚಿದ್ದರೂ ಅಂಕ ಹೋಗುತ್ತದೆ. ಆರು ತಿಂಗಳ ನಿಜಕ್ಕೆ ತಾನೇ ಸುಳ್ಳು ಅಂಟಿಸಿ ಕಳಿಸಿದ್ದಾನೆ. ಕೂತರೆ ಏಳಬೇಕು, ಎದ್ದರೆ ಬಾಗಿಲಿಗೆ ಹೋಗಬೇಕು. ಬುಧವಾರ ಒಬ್ಬ ಅಜ್ಜನ ಕನ್ನಡಕಕ್ಕೆ ಎರಡೂ ಕಡೆಗೆ ಬಲಗಡೆಯ ಕಡ್ಡಿಗಳನ್ನೇ ಜೋಡಿಸಿಕೊಟ್ಟು ಬೈಸಿಕೊಂಡ. ಏನಾಗಿದೆಯೋ ನಿನಗೆ ಎಂದು ಅಕ್ಕ ಕೇಳಿದ್ದಕ್ಕೆ ಸೊಳ್ಳೆ ಕಾಟ ಎಂದ. ಹಾಡುಹಗಲಲ್ಲಿ ಎಂಥ ಸೊಳ್ಳೆಯೋ ಎಂದು ಅವಳು ನಕ್ಕಳು.

ಗುರುವಾರ ಟೀಚರ್ ಬಂದಳು. ಟ್ಯಾಂಕನ್ನು ಮೇಜಿನ ಮೇಲಿಟ್ಟಳು.

"ಎಡಗಡೆ ಒಂದು ಕೊಕ್ಕೆ ಇದೆ. ಯಾವ ಫೋಟೋದಲ್ಲೂ ಇಲ್ಲ."

ಅವನು ಭೂತಗನ್ನಡಿ ಕೆಳಗಿಟ್ಟ.

"ನಾನೇ ಅಂಟಿಸಿದ್ದು. ಜಗಳ ಆಡೋಕಾದ್ರೂ ಬರ್ತೀರಲ್ಲ ಅಂತ. ನೀವು ಬರದ ಶನಿವಾರ ನನಗೆ ಬೇಡ ಅನ್ನಿಸ್ತು. ತಪ್ಪಾಯ್ತು. ಕೊಡಿ, ಗುರುತೂ ಉಳಿಯದ ಹಾಗೆ ಕಿತ್ತುಕೊಡ್ತೀನಿ."

ಅವನು ಕೈ ಚಾಚುವಷ್ಟರಲ್ಲಿ ಅವಳು ಟ್ಯಾಂಕನ್ನು ತನ್ನತ್ತ ಎಳೆದುಕೊಂಡಳು.

"ಅವತ್ತು ಬಸ್ಸಲ್ಲೇ ನೋಡಿದೆ. ದಿನಾ ಚಿಮಟ ಹಿಡ್ಕೊಂಡು ಕೂತೆ. ಕೀಳೋಕೆ ಮನಸ್ಸು ಬರಲಿಲ್ಲ." ಅವಳ ಕಿವಿ ಕೆಂಪಾಗಿತ್ತು. "ಬಲಗಡೆಗೂ ಒಂದು ಮಾಡಿ. ಒಂಟಿ ಇದ್ರೆ ಚೆನ್ನಾಗಿ ಕಾಣಲ್ಲ."

"ಮತ್ತೆ ಸ್ಪರ್ಧೆ?"

"ಸೋಲೋಣ ಬಿಡಿ, ಇಬ್ರೂ ಸೇರಿ."

ಅವನು ತಂತಿ ಕತ್ತರಿಸಲು ಕೂತ. ಆರು ತಿಂಗಳಲ್ಲಿ ಒಮ್ಮೆಯೂ ಜಾರದ ತಂತಿ ಈಗ ಮೂರು ಸಲ ಜಾರಿತು. ನಾಲ್ಕನೇ ಸಲಕ್ಕೆ ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ತಂತಿ ತುಂಡಾಯಿತು, ಅವಳು ಕೈ ಬಿಡಲಿಲ್ಲ.